ಮೀನಿನೊಳಗಿನ ಹುಳು: ಒಂದೋ, ಹಲವೋ?

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕಡಲ ಮೀನುಗಳಲ್ಲಿರುವ ಒಂದು ಬಿಳಿಯ ಹುಳುವಿನ ವಿಷಯದಲ್ಲಿಯೂ ಈ ಮಾತು ನಿಜವಾಯಿತು. ಹೇಗೆಂಬುದನ್ನು ನೋಡೋಣ.

ಈ ಪರೋಪಜೀವಿಯ ಹೆಸರು ಅನಿಸಾಕಿಸ್. ಇದರ ಮೊಟ್ಟೆಗಳು ತಿಮಿಂಗಿಲ, ಡಾಲ್ಫಿನ್ ಮುಂತಾದವುಗಳ ಮಲದೊಡನೆ ನೀರನ್ನು ಸೇರುತ್ತವೆ. ಹೊರಬಂದ ಮರಿಗಳನ್ನು ಸೀಗಡಿಯಂಥ ಕಿರುಜೀವಿಗಳೂ, ಅವನ್ನು ಮೀನುಗಳೂ ತಿನ್ನುತ್ತವೆ. ಅಂಥ ಮೀನನ್ನು ತಿಮಿಂಗಿಲವು ನುಂಗಿದಾಗ ಹುಳು ಅದರ ಜಠರದಲ್ಲಿ ಪ್ರೌಢವಾಗುತ್ತದೆ. ಮೀನಿನಲ್ಲಿ ನಮಗೆ ಕಾಣುವುದು ಸುರುಳಿ ಸುತ್ತಿಕೊಂಡ, ಎರಡು ಮೂರು ಸೆಂಟಿಮೀಟರ್ ಉದ್ದದ ಮರಿಹುಳು. ಹಸಿ ಮೀನಿನೊಡನೆ ಇದು ಮನುಷ್ಯನ ಹೊಟ್ಟೆಯನ್ನು ಸೇರಿದರೆ ಜಠರದ ಗೋಡೆಯನ್ನು ಕೊರೆದು ತೀವ್ರವಾದ ನೋವನ್ನುಂಟುಮಾಡುತ್ತದೆ. 1960ರಲ್ಲಿ ನೆದರ್ಲೆಂಡ್ಸಿನ ವಾನ್ ಥೀಲ್ ಮತ್ತು ಅವರ ಸಂಗಡಿಗರು ಈ ರೋಗವನ್ನು ವಿವರಿಸಿದರು.

1809ರಲ್ಲಿ ರುಡಾಲ್ಫಿ ಹೆಸರಿಸಿದ ‘ಸಿಂಪ್ಲೆಕ್ಸ್’ ಪ್ರಭೇದವು ಒಂದೇ ಎಂದು ಬಹುಕಾಲ ಭಾವಿಸಲಾಗಿತ್ತು. ಸೂಕ್ಷ್ಮದರ್ಶಕದಲ್ಲಿ ಮರಿಹುಳುಗಳೆಲ್ಲ ಒಂದೇ ತೆರನಾಗಿ ಕಾಣುತ್ತಿದ್ದವು. ಕಣ್ಣು ಸೋತಲ್ಲಿ ವಿದ್ಯುತ್ತು ನೆರವಿಗೆ ಬಂದಿತು. ಹುಳುವನ್ನು ಅರೆದು, ಅದರ ರಸವನ್ನು ಲೋಳೆಯಂಥ ಪದರದಲ್ಲಿಟ್ಟು ವಿದ್ಯುತ್ತನ್ನು ಹರಿಯಿಸಿದರೆ ಪ್ರೋಟೀನುಗಳು ತಂತಮ್ಮ ವಿದ್ಯುದಾವೇಶಕ್ಕೆ ತಕ್ಕಂತೆ ಬೇರೆ ಬೇರೆ ದೂರ ಸರಿಯುತ್ತವೆ. 1986ರಲ್ಲಿ ಇಟಲಿಯ ನಶೆಟ್ಟಿ ಮತ್ತು ಸಹೋದ್ಯೋಗಿಗಳು ಹೀಗೆ ಪರೀಕ್ಷಿಸಿದಾಗ, ಒಂದೇ ಕಿಣ್ವದ ಎರಡು ರೂಪಗಳು ಕಂಡುಬಂದವು. ಹುಳುಗಳೆಲ್ಲ ತಮ್ಮೊಳಗೆ ಕೂಡುವ ಒಂದೇ ಪ್ರಭೇದವಾಗಿದ್ದರೆ, ತಂದೆಯಿಂದ ಒಂದು ರೂಪವನ್ನೂ ತಾಯಿಯಿಂದ ಇನ್ನೊಂದನ್ನೂ ಪಡೆದ ಮಿಶ್ರ ಸಂತಾನವು ತಕ್ಕ ಪ್ರಮಾಣದಲ್ಲಿ ದೊರೆಯಬೇಕಷ್ಟೆ! ಅದು ದೊರೆಯಲಿಲ್ಲ. ಆದುದರಿಂದ ಇವು ಎರಡು ಪ್ರಭೇದಗಳೆಂದಾಯಿತು. 1955ರಲ್ಲಿಯೇ ಹೆಸರು ಪಡೆದು ಮೂಲೆಗುಂಪಾಗಿದ್ದ ‘ಪೆಗ್ರೆಫಿ’ಗೆ ಮತ್ತೆ ಮನ್ನಣೆ ದೊರೆಯಿತು. ಮುಂದೆ ಪ್ರತ್ಯೇಕಿಸಲಾದ ಮೂರನೆಯದಕ್ಕೆ 2014ರಲ್ಲಿ ‘ಬರ್ಲಂಡಿ’ ಎಂದು ಹೆಸರಿಡಲಾಯಿತು.

ಹೆಸರು ಬೇರೆಯಾದರೆ ಪ್ರಯೋಜನವೇನು? ಜಪಾನಿನಲ್ಲಿ ನಮ್ಮ ಬಂಗುಡೆಯ ಸಂಬಂಧಿಯಾದ ಮೀನನ್ನು ಪರೀಕ್ಷಿಸಿದಾಗ ಇದಕ್ಕೆ ಉತ್ತರ ದೊರೆಯಿತು. ಪೆಸಿಫಿಕ್ ಸಾಗರದ ಕಡೆಯ ಮೀನುಗಳಲ್ಲಿ ಸಿಂಪ್ಲೆಕ್ಸ್ ಹೆಚ್ಚು. ಜಪಾನ್ ಸಮುದ್ರದ ಕಡೆಯವುಗಳಲ್ಲಿ ಪೆಗ್ರೆಫಿ ಹೆಚ್ಚು. ಮೀನಿನ ಕರುಳಿನ ಬಳಿಯಿಂದ ನಾವು ತಿನ್ನುವ ಮಾಂಸದೊಳಕ್ಕೆ ನುಗ್ಗುವ ಸ್ವಭಾವ ಸಿಂಪ್ಲೆಕ್ಸಿನಲ್ಲಿ ಅಧಿಕ. ಅಲ್ಲಿನ ರೋಗಿಗಳಿಂದ ಹೊರತೆಗೆದ ಹುಳುಗಳಲ್ಲಿ ಬಹುಪಾಲು ಇದೇ. ಕಣ್ಣಿಗೆ ಒಂದೇ ಆಗಿ ಕಾಣುವ ಹುಳುಗಳಿಂದ ಒದಗುವ ಅಪಾಯ ಮಾತ್ರ ಒಂದೇ ಅಲ್ಲ.

ಮೀನನ್ನು ಚೆನ್ನಾಗಿ ಬೇಯಿಸಿದರೆ ಹುಳು ಸಾಯುತ್ತದೆ. ಹಸಿಯಾಗಿ ತಿನ್ನುವ ಮೀನನ್ನು ಒಳತನಕ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 24 ಗಂಟೆ ಇಡಬೇಕೆಂಬುದು ಯೂರೋಪಿಯನ್ ಒಕ್ಕೂಟದ ನಿಯಮ. ಯಾವ ಕಡಲ ಮೀನಿನಲ್ಲಿ ಯಾವ ಹುಳುವಿದೆಯೆಂಬುದನ್ನು ತಿಳಿಯಲು ಮಾತ್ರ ಪ್ರಭೇದಗಳನ್ನು ಬೇರ್ಪಡಿಸುವ ಈ ತಾಳ್ಮೆಯ ಕೆಲಸವೇ ಬೇಕು.