ಹಳೆಯ ಗಿರಣಿಯ ತಗ್ಗು ನೆಲದಲ್ಲಿ ವಸತಿ ಬಡಾವಣೆ: ಮೊದಲು ನೀರಿನ ದಾರಿ, ಬಳಿಕ ರಸ್ತೆ

ಬಳ್ಳಾರಿ, ಕುರುಗೋಡು, ಸಿರುಗುಪ್ಪ ಭಾಗದಲ್ಲಿ ಮುಚ್ಚಿದ ಗಿರಣಿ, ಉಗ್ರಾಣಗಳ ನೆಲವನ್ನು ನಿವೇಶನಗಳಾಗಿಸಲು ಯೋಚಿಸುವ ಸದಸ್ಯರು ನೆರೆಯ ಪ್ರಶ್ನೆಯನ್ನು ಮೊದಲೇ ಇತ್ಯರ್ಥಪಡಿಸಿಕೊಳ್ಳಬೇಕು. ಮೋಕದ ಬಳಿ ಹರಿಯುವ ವೇದಾವತಿ, ಅಂದರೆ ಹಗರಿ, ವರ್ಷದ ಬಹುಕಾಲ ಬರಿಯ ಮರಳಾಗಿ ಕಾಣುವುದರಿಂದ ಅದರ ಪ್ರವಾಹ ಮರೆತುಹೋಗುತ್ತದೆ. ಆದರೆ 2009ರ ಸೆಪ್ಟೆಂಬರ್ ಅಂತ್ಯ ಹಾಗೂ ಅಕ್ಟೋಬರ್ ಆರಂಭದ ನೆರೆಯಲ್ಲಿ ಸಿರುಗುಪ್ಪ ತಾಲ್ಲೂಕಿನ ನದಿತೀರದ ಗ್ರಾಮಗಳು ಜಲಾವೃತವಾದವು. ಆ ನೆರೆಯ ಬಳಿಕ ಉತ್ತರ ಕರ್ನಾಟಕದ ಸಂತ್ರಸ್ತರಿಗೆ ಸರ್ಕಾರವು ‘ಆಸರೆ’ ಯೋಜನೆಯಡಿ ಮನೆಗಳನ್ನು ಕಟ್ಟಿಸಬೇಕಾಯಿತು. ವೇದಾವತಿಗೇ ಅಡ್ಡಲಾಗಿರುವ ವಾಣಿವಿಲಾಸ ಸಾಗರವು 1933ರ ಬಳಿಕ ಮೊದಲ ಬಾರಿಗೆ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದಿತು.

1. ಹೊರಹರಿವು
ವಿನ್ಯಾಸವನ್ನು ಚರಂಡಿಯ ಕೊನೆಯಿಂದ ಆರಂಭಿಸಬೇಕು. ಚರಂಡಿ ಸೇರುವ ಹಳ್ಳದ ಅತ್ಯುನ್ನತ ನೆರೆಮಟ್ಟ ಚರಂಡಿಯ ಬಾಯಿಗಿಂತ ಮೇಲಿದ್ದರೆ ನೀರು ಹಿಮ್ಮುಖವಾಗಿ ಒಳನುಗ್ಗುತ್ತದೆ. ಆಗ ಹೊರಕ್ಕೆ ಮಾತ್ರ ತೆರೆಯುವ ಬಾಗಿಲು ಬೇಕು. ಅದು ಮುಚ್ಚಿರುವಷ್ಟು ಕಾಲ ಒಳಗಿನ ಮಳೆನೀರು ನಿಲ್ಲಲು ತಗ್ಗಿನಲ್ಲಿ ಹೊಂಡ ಬೇಕು.

2. ಚರಂಡಿಯ ಗಾತ್ರ
ಹೆಕ್ಟೇರ್ ವಿಸ್ತೀರ್ಣ, ಗಂಟೆಗೆ ಮಿಲಿಮೀಟರ್ ಮಳೆ, ಹರಿದುಹೋಗುವ ಪಾಲು, ಈ ಮೂರನ್ನು ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರೆಂದು ತಿಳಿಯುತ್ತದೆ. ಉದಾಹರಣೆಗೆ 4 ಹೆಕ್ಟೇರ್, 60 ಮಿ.ಮೀ., 0.6 ಪಾಲು ಎಂದಾದರೆ 0.4 ಘನ ಮೀಟರ್. ನೀರಿನ ವೇಗ ಸೆಕೆಂಡಿಗೆ 1 ಮೀಟರ್ ಇದ್ದರೆ 80 ಸೆಂ.ಮೀ. ಅಗಲ, 50 ಸೆಂ.ಮೀ. ನೀರಿನ ಆಳ ಬೇಕು. ಮೇಲೆ 15 ಸೆಂ.ಮೀ. ಖಾಲಿ ಬಿಡಬೇಕು. ಒಂದಡಿ ಚೌಕದ ಚರಂಡಿ ಇದರ ಕಾಲುಭಾಗವನ್ನೂ ಒಯ್ಯಲಾರದು.

3. ರಸ್ತೆ
ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಆದುದರಿಂದ ಡಾಂಬರಿನ ಕೆಳಗೆ ಉಬ್ಬದ ಗರಸಿನ ಪದರವನ್ನು ಹಾಕಬೇಕು, ಇಲ್ಲವೇ ಮಣ್ಣಿಗೆ ಸುಣ್ಣ ಬೆರೆಸಿ ಗಟ್ಟಿಗೊಳಿಸಬೇಕು. ಹೊರಹೋಗುವ ಮುಖ್ಯರಸ್ತೆಯೊಂದನ್ನು ನೆರೆಮಟ್ಟಕ್ಕಿಂತ ಮೇಲಿಟ್ಟು, ನೀರಿಗೆ ಅದು ಒಡ್ಡಾಗದಂತೆ ಮೋರಿಗಳನ್ನು ಕೊಡಬೇಕು. ಒಳಬೀದಿಗಳು ಮಾತ್ರ ನಿವೇಶನಗಳಿಗಿಂತ ತಗ್ಗಿನಲ್ಲಿರಲಿ. ಪ್ರತಿ ದುರಸ್ತಿಯಲ್ಲೂ ಹಳೆಯ ಡಾಂಬರಿನ ಮೇಲೆ ಹೊಸದನ್ನು ಏರಿಸುತ್ತ ಹೋದರೆ ನೀರು ಮನೆಯೊಳಕ್ಕೇ ತಿರುಗುತ್ತದೆ.

4. ಹಳೆಯ ಉದ್ಯಮದ ಶೇಷ
ಹೊಟ್ಟಿನ ಬೂದಿ ತುಂಬಿದ ಗುಂಡಿ ಕುಸಿದರೆ ಚರಂಡಿಯ ಇಳಿಜಾರು ಕೆಡುತ್ತದೆ. ಎಣ್ಣೆ ಸೋರಿದ, ಇಲ್ಲವೇ ಜೀನ್ಸ್ ತೊಳೆದ ಬಣ್ಣದ ನೀರು ಇಂಗಿದ ನೆಲದಲ್ಲಿ ಮಣ್ಣಿನ ಪರೀಕ್ಷೆಗೆ ಮುನ್ನ ಇಂಗುಗುಂಡಿ ತೋಡಬಾರದು. ಮಳೆನೀರು ಆ ವಿಷವನ್ನು ಕೊಳವೆಬಾವಿಗೆ ಮುಟ್ಟಿಸುತ್ತದೆ.

ಹೊಂಡಕ್ಕೂ ಅಗಲ ಚರಂಡಿಗೂ ಬಿಟ್ಟ ನೆಲ ಮಾರಾಟಕ್ಕೆ ಸಿಗದ ನಷ್ಟವೆಂದು ತೋರಬಹುದು. ಆದರೆ ಕೊಂಡವನ ಮನೆಗೆ ನೀರು ನುಗ್ಗಿದಲ್ಲಿ ಅವನ ಉಳಿತಾಯದೊಡನೆ ಮಾರಿದವನ ಹೆಸರೂ ಮುಳುಗುತ್ತದೆ. ಆದುದರಿಂದ ಖರೀದಿ ಕರಾರಿಗೆ ಮುನ್ನವೇ ಮಟ್ಟದ ಸರ್ವೆ, ನೆರೆಮಟ್ಟದ ದಾಖಲೆ ಹಾಗೂ ಮಣ್ಣಿನ ವರದಿ ಈ ಮೂರನ್ನೂ ಪಡೆಯುವುದು ಲೇಸು.