ಫಿಲ್ಮ್ ನೋಡಿ ಸಹಿ ಹಾಕು, ಮರಿ

ಪೈಪ್‌ಲೈನ್ ಕೆಲಸಕ್ಕೆ ಹೊರಟಿದ್ದೀಯ ಅಂತ ಕೇಳಿ ಖುಷಿಯಾಯಿತು. ನಿನ್ನ ಬುದ್ಧಿ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಷೆಡ್ಯೂಲ್ ಮಾಡುವುದಂತೂ ನಮ್ಮ ಕಾಲದವರಿಗೆ ನಿನ್ನಷ್ಟು ಬರುತ್ತಿರಲಿಲ್ಲ. ಆದರೆ ನಿನ್ನ ಕಾಲು ನೆಲದ ಮೇಲೆ ನಿಲ್ಲುವುದು ಕಮ್ಮಿ. ಅದಕ್ಕೇ ಅಲಾಸ್ಕಾದ ಕತೆ ಹೇಳುತ್ತೇನೆ. ಕಿವಿಯಲ್ಲಿ ಸಿಕ್ಕಿಸಿಕೊಂಡಿರುವುದನ್ನು ತೆಗೆದಿಟ್ಟು ಕೇಳು.

ಅಲಾಸ್ಕಾದ ಉತ್ತರದ ತುದಿ ಪ್ರೂಡೋ ಬೇಯಲ್ಲಿ 1968ರಲ್ಲಿ ಎಣ್ಣೆ ಸಿಕ್ಕಿತು. ಅಲ್ಲಿನ ಸಮುದ್ರ ವರ್ಷದ ಬಹುಪಾಲು ಹೆಪ್ಪುಗಟ್ಟಿರುತ್ತದೆ, ಹಡಗು ನಂಬಿ ಕೂರುವ ಹಾಗಿಲ್ಲ. ದಕ್ಷಿಣದ ವಾಲ್ಡೀಜ್ ಬಂದರಿನವರೆಗೆ 800 ಮೈಲಿ, ಅಂದರೆ 1,280 ಕಿಲೋಮೀಟರಿಗೂ ಮೇಲೆ ಪೈಪ್ ಎಳೆಯಬೇಕು. ದಾರಿಯಲ್ಲಿ ಮೂರು ಪರ್ವತಸಾಲು, ಯೂಕಾನ್ ನದಿ. ನಮ್ಮ ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನ್ ಇರುವುದು 360 ಚಿಲ್ಲರೆ ಕಿಲೋಮೀಟರ್. ಅದಕ್ಕೇ ಘಾಟಿ ಹತ್ತಿಸುವಾಗ ಏನು ಪಾಡು ಅಂತ ಮಾಡಿದವರನ್ನು ಕೇಳಿ ನೋಡು.

ಎಣ್ಣೆ ಕಂಪನಿಗಳಿಗೆ ಆಗ ನಿನ್ನಷ್ಟೇ ಆತುರ. ಪರವಾನಗಿ ಕೈಗೆ ಬರುವ ಮೊದಲೇ, 1969ರಲ್ಲಿ, 48 ಇಂಚಿನ ಪೈಪಿಗೆ ಜಪಾನಿನಲ್ಲಿ ಆರ್ಡರ್ ಕೊಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ! ಪೈಪು ಬಂತು, ಅಪ್ಪಣೆ ಬರಲಿಲ್ಲ. ನೆಲ ನಮ್ಮದು ಅಂತ ಅಲ್ಲಿನ ಮೂಲನಿವಾಸಿಗಳು ಎದ್ದರು, ಪರಿಸರದವರು ಕೋರ್ಟಿಗೆ ಹೋದರು. 1973ರ ಎಣ್ಣೆ ಬಿಕ್ಕಟ್ಟಿನ ಬಿಸಿ ತಟ್ಟಿದ ಮೇಲೆಯೇ ಅಮೆರಿಕದ ಸಂಸತ್ತು ಕಾನೂನು ಮಾಡಿ ದಾರಿ ಬಿಟ್ಟದ್ದು. ಅಲ್ಲಿಯವರೆಗೆ ಪೈಪುಗಳು ಬಯಲಲ್ಲಿ ರಾಶಿ ಬಿದ್ದಿದ್ದವು.

ಆ ತಡದಿಂದ ನಷ್ಟವೇ ಆಯಿತು ಅಂದುಕೊಳ್ಳಬೇಡ. ಬೇರೆ ಕಡೆ ಮಾಡಿದ ಹಾಗೆ ಇಲ್ಲೂ ಬಹುಪಾಲು ಪೈಪನ್ನು ಹೂತುಬಿಡೋಣ ಅನ್ನುವುದು ಮೊದಲಿನ ಲೆಕ್ಕ. ಆದರೆ ಆ ನೆಲ ವರ್ಷಾನುಗಟ್ಟಲೆ ಹೆಪ್ಪುಗಟ್ಟಿಯೇ ಇರುವ ಮಣ್ಣು. ಬಿಸಿ ಎಣ್ಣೆ ಹರಿದರೆ ಮಣ್ಣು ಕರಗಿ ಕೆಸರಾಗಿ ಪೈಪು ಕುಸಿಯುತ್ತದೆ. ಕೊನೆಗೆ ಅರ್ಧಕ್ಕೂ ಹೆಚ್ಚು ದೂರ, ಸುಮಾರು 420 ಮೈಲಿ, ಕಂಬಗಳ ಮೇಲೆ ಎತ್ತಿ ಕೂರಿಸಿದರು. ಕಂಬಗಳೇ ಸುಮಾರು 78,000. ಬಿಸಿಗೆ ಹಿಗ್ಗಲಿ, ಚಳಿಗೆ ಕುಗ್ಗಲಿ ಅಂತ ಪೈಪನ್ನು ಅಂಕುಡೊಂಕಾಗಿ ಎಳೆದರು. 2002ರಲ್ಲಿ 7.9ರ ಭೂಕಂಪವಾದಾಗ ಅದು ತೊಲೆಗಳ ಮೇಲೆ ಜಾರಾಡಿತೇ ಹೊರತು ಒಂದು ಹನಿ ಚೆಲ್ಲಲಿಲ್ಲ. ಕೋರ್ಟಿಗೆ ಹೋದವರೂ ಈ ಪೈಪನ್ನು ಉಳಿಸಿದವರಲ್ಲಿ ಸೇರುತ್ತಾರೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಿನ್ನ ದಾರಿಗೆ ಅಡ್ಡ ನಿಲ್ಲುವ ರೈತ ಏನು ಹೇಳುತ್ತಾನೆ, ಪೂರ್ತಿ ಕೇಳಿಸಿಕೋ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಅಂತ ನಿನ್ನ ನಕ್ಷೆಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. 1975ರ ಮಾರ್ಚಿನಲ್ಲಿ ಪೈಪ್ ಇಳಿಸುವ ಕೆಲಸ ಶುರುವಾಯಿತು. ಆ ಅಕ್ಟೋಬರಿನ ಹೊತ್ತಿಗೆ ಸುಮಾರು 28,000 ಜನ, ಐದು ಕಂಟ್ರಾಕ್ಟರು. ಪೈಪ್‌ಲೈನಿನ ಹಿರಿಯ ಪ್ರಾಜೆಕ್ಟ್ ಮ್ಯಾನೇಜರ್ ಫ್ರಾಂಕ್ ಮೂಲಿನ್ ಕೆಲಸ ತೆಗೆಯುವುದರಲ್ಲಿ ಹುಲಿ. ಅಂಥವನ ಕೆಳಗೂ ಏನಾಯಿತು ಗೊತ್ತೇ? ಪ್ರತಿ ಬೆಸುಗೆಗೂ ಎಕ್ಸ್‌ರೇ ತೆಗೆದು ಒಳಗೆ ಹುಳುಕಿಲ್ಲ ಅಂತ ದಾಖಲಿಸಬೇಕಿತ್ತು. ಆ ದಾಖಲೆಯಲ್ಲೇ ಸುಳ್ಳಿದೆ ಅಂತ ಎಕ್ಸ್‌ರೇ ಕಂಟ್ರಾಕ್ಟರನ ಹತ್ತಿರ ದುಡಿದಿದ್ದವನೊಬ್ಬ ಬಾಯಿಬಿಟ್ಟ. ಲೆಕ್ಕ ತೆಗೆದರೆ, 1975ರ ಸುಮಾರು 30,800 ಬೆಸುಗೆಗಳಲ್ಲಿ 3,955ರದ್ದು ತಕರಾರು. ಕೆಲವದರ ಫಿಲ್ಮೇ ಇಲ್ಲ, ಕೆಲವು ನಕಲಿ. ಅಷ್ಟು ಹೊತ್ತಿಗೆ ಪೈಪು ಮಣ್ಣಿನ ಕೆಳಗೆ, ನದಿಯ ಕೆಳಗೆ ಹೋಗಿಯಾಗಿತ್ತು. ಮತ್ತೆ ಅಗೆ, ಮತ್ತೆ ತೆಗೆ, ಮತ್ತೆ ಬೆಸೆ. ಕೊನೆಗೆ ಸರ್ಕಾರ ವಿನಾಯಿತಿ ಕೊಟ್ಟದ್ದು ಮೂರೇ ಬೆಸುಗೆಗೆ, ಅವು ಕೊಯುಕುಕ್ ನದಿಯ ಅಡಿಯಲ್ಲಿದ್ದವು.

ನಮ್ಮ ಕಡೆ ಹಾಗೆಲ್ಲ ಆಗಲ್ಲ ಅನ್ನಬೇಡ. ಚಹಾದಂಗಡಿ ಬೆಂಚಿನ ಮೇಲೆ ಕೂತು ಇಡೀ ದಿನದ ಬೆಸುಗೆ ವರದಿಗಳಿಗೆ ಸಾಲಾಗಿ ಸಹಿ ಗೀಚಿದವರನ್ನು ಕಣ್ಣಾರೆ ಕಂಡಿದ್ದೇನೆ. ಎಡಗೈಯಲ್ಲಿ ಬಜ್ಜಿ. ಕಾಗದಕ್ಕೆ ಎಣ್ಣೆ ಕಲೆ. ‘ಎಣ್ಣೆ ಪೈಪಿನ ಕಾಗದ ತಾನೆ ಬಿಡಿ’ ಅಂತ ತಮಾಷೆ ಬೇರೆ!

ನೀನು ಹಾಗೆ ಮಾಡಬೇಡ. ದಿನಕ್ಕೆ ನಾಲ್ಕಾದರೂ ಫಿಲ್ಮನ್ನು ದೀಪದ ಗಾಜಿನ ಮೇಲಿಟ್ಟು ನೀನೇ ನೋಡು. ಬೆಸುಗೆ ತಿಳಿಯಾದ ಪಟ್ಟಿಯಾಗಿ ಕಾಣುತ್ತದೆ. ಅದರಲ್ಲಿ ಕಪ್ಪು ಚುಕ್ಕಿಯಿದ್ದರೆ ಗಾಳಿ ಗುಳ್ಳೆ ಇರಬಹುದು, ಉದ್ದ ಕಪ್ಪು ಗೆರೆಯಿದ್ದರೆ ಲೋಹ ಸರಿಯಾಗಿ ಕೂಡಿರಲಿಕ್ಕಿಲ್ಲ. ಫಿಲ್ಮಿನ ನಂಬರು, ಪೈಪಿನ ಮೇಲೆ ಬರೆದ ನಂಬರು ಒಂದೇನಾ ಅಂತ ನಡೆದು ಹೋಗಿ ನೋಡು. ನಿನ್ನ ಬೂಟಿಗೆ ಕೆಸರಾಗಲಿ. ಸಾಹೇಬರು ಫಿಲ್ಮ್ ನೋಡ್ತಾರೆ ಅಂತ ಗೊತ್ತಾದರೆ ವೆಲ್ಡರನ ಕೈ ತಾನಾಗಿ ಸರಿಹೋಗುತ್ತದೆ. ಇನ್ನೊಂದು, ಕೆಟ್ಟ ಸುದ್ದಿ ತಂದವನ ಮೇಲೆ ರೇಗಬೇಡ. ಒಮ್ಮೆ ರೇಗಿದರೆ ಅವನು ಮತ್ತೆ ತರುವುದಿಲ್ಲ, ನಿನಗೆ ಅಗೆದಾಗಲೇ ಗೊತ್ತಾಗುತ್ತದೆ.

ಅಲಾಸ್ಕಾದಲ್ಲಿ 1977ರ ಜೂನ್ 20ಕ್ಕೆ ಎಣ್ಣೆ ಹೊರಟಿತು, ವಾಲ್ಡೀಜ್ ಮುಟ್ಟಿದ್ದು ಜುಲೈ 28ಕ್ಕೆ. ನಡುವೆ 8ನೇ ಪಂಪ್ ಸ್ಟೇಷನ್ನಿನಲ್ಲಿ ಸ್ಫೋಟವಾಗಿ ಒಬ್ಬ ಸತ್ತ. ಅದಕ್ಕೆ ಮೊದಲೂ ಜೀವಗಳು ಹೋಗಿದ್ದವು. 90 ಕೋಟಿ ಡಾಲರಿನ ಅಂದಾಜು ಮುಗಿಯುವಾಗ 800 ಕೋಟಿಯಾಗಿತ್ತು. ದುಡ್ಡಿನ ಲೆಕ್ಕ ಹೇಳುವವರು ನಿನ್ನ ಸುತ್ತ ಬೇಕಾದಷ್ಟು ಇರುತ್ತಾರೆ, ಜನರ ಲೆಕ್ಕ ನೀನೇ ಇಟ್ಟುಕೋ.

ಒಳ್ಳೆ ಬೂಟು ತಗೋ. ವೆಲ್ಡರುಗಳ ಹೆಸರು ಮೊದಲ ವಾರದಲ್ಲೇ ಕಲಿ. ಭಾನುವಾರ ಅಮ್ಮನಿಗೆ ಫೋನ್ ಮಾಡು, ನನಗೆ ಮಾಡದಿದ್ದರೂ ನಡೆಯುತ್ತದೆ.