ಕೆಮ್ಮಣ್ಣುಗುಂಡಿಯೋ, ಕೊಡಚಾದ್ರಿಯೋ?

ಭದ್ರಾವತಿಯ ನ್ಯೂ ಟೌನ್‌ನಲ್ಲಿ ಬೆಟ್ಟಕ್ಕೆ ಹೋಗುವ ಮಾತೆದ್ದರೆ ಎರಡು ಹೆಸರು ಬಂದೇ ಬರುತ್ತವೆ. ದಕ್ಷಿಣಕ್ಕೆ ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿ, ಪಶ್ಚಿಮಕ್ಕೆ ಹೊಸನಗರ ತಾಲ್ಲೂಕಿನ ಕೊಡಚಾದ್ರಿ. ದಸರಾ ರಜೆ ಹತ್ತಿರವಾಯಿತೆಂದರೆ ನಮ್ಮ ಮನೆಯಲ್ಲೂ ಇದೇ ಚರ್ಚೆ. ಮಕ್ಕಳು ಒಂದು ಕಡೆ, ಅತ್ತೆ ಮಾವ ಇನ್ನೊಂದು ಕಡೆ. ಎರಡಕ್ಕೂ ಹೋಗಿಬಂದ ಮೇಲೆ, ಯಾವುದನ್ನು ಯಾವಾಗ ಆರಿಸಬೇಕೆಂಬುದು ನನಗೆ ಸ್ಪಷ್ಟವಾಗಿದೆ.

ಎತ್ತರ ನೋಡಿ ತೀರ್ಮಾನಿಸಲು ಬರುವುದಿಲ್ಲ. ಕೆಮ್ಮಣ್ಣುಗುಂಡಿ ಸುಮಾರು 1,434 ಮೀಟರ್, ಕೊಡಚಾದ್ರಿ 1,343 ಮೀಟರ್. ಅಂತರ ನೂರು ಮೀಟರೂ ಇಲ್ಲ. ನೋಡಬೇಕಾದದ್ದು ದಾರಿಯ ಕೊನೆಯ ಭಾಗವನ್ನು. ತರೀಕೆರೆ, ಲಿಂಗದಹಳ್ಳಿ ದಾಟಿ ಘಾಟಿಯ ತಿರುವುಗಳನ್ನು ಹತ್ತಿದರೆ ಕೆಮ್ಮಣ್ಣುಗುಂಡಿಯಲ್ಲಿ ಕಾರು ತೋಟಗಾರಿಕೆ ಇಲಾಖೆಯ ಅತಿಥಿಗೃಹದ ಹತ್ತಿರದವರೆಗೂ ಹೋಗುತ್ತದೆ. ಅತ್ತೆಯವರು ಮೊಣಕಾಲು ನೋವಿದ್ದರೂ ಹೂದೋಟದಲ್ಲಿ ನಿಧಾನವಾಗಿ ಓಡಾಡಿ, ಕಲ್ಲುಬೆಂಚಿನ ಮೇಲೆ ಕೂತು ಕಣಿವೆ ನೋಡಿದರು. ಕಾಲಲ್ಲಿ ಕಸುವಿದ್ದವರು ಜ಼ೆಡ್ ಪಾಯಿಂಟ್‌ಗೆ ನಡೆದು ಹೋಗಿ ಬಂದರು. ಒಂದೇ ಬೆಟ್ಟದಲ್ಲಿ ಇಬ್ಬರಿಗೂ ಜಾಗವಿತ್ತು.

ಕೊಡಚಾದ್ರಿಯದು ಬೇರೆಯೇ ರೀತಿ. ಶಿವಮೊಗ್ಗ, ರಿಪ್ಪನ್‌ಪೇಟೆ, ಹೊಸನಗರ ದಾಟಿ ನಿಟ್ಟೂರು ಕಡೆಗೆ ಸಾಗಿದ ಮೇಲೆ ಜೀಪ್ ಹಿಡಿಯಬೇಕು. ಆ ಕಚ್ಚಾ ದಾರಿಯಲ್ಲಿ ಜೀಪ್ ಕಲ್ಲಿನಿಂದ ಕಲ್ಲಿಗೆ ಎಗರುತ್ತದೆ. ಸೊಂಟ ನೋವಿರುವವರಿಗೆ, ಗರ್ಭಿಣಿಯರಿಗೆ, ಕೈಗೂಸು ಇರುವವರಿಗೆ ಅದು ಖಂಡಿತ ಬೇಡ. ಜೀಪ್ ನಿಂತ ಮೇಲೂ, ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ನಂಬುವ ಸರ್ವಜ್ಞ ಪೀಠಕ್ಕೆ ಕಾಲ್ನಡಿಗೆಯಲ್ಲೇ ಏರಬೇಕು. ಆದರೆ ಏರಿದವರಿಗೆ ಸಿಗುವುದು ಬೇರೆಲ್ಲೂ ಸಿಗದು. ಕಾಲಡಿಯಲ್ಲಿ ಘಟ್ಟ ಒಮ್ಮೆಗೇ ಕರಾವಳಿಯತ್ತ ಕುಸಿದಿರುತ್ತದೆ. ಆಕಾಶ ತಿಳಿಯಾಗಿದ್ದರೆ ಪಡುವಣದ ಅಂಚಿನಲ್ಲಿ ಕಡಲಿನ ಗೆರೆ ಹೊಳೆಯುತ್ತದೆ. ಕಾಲೇಜಿಗೆ ಹೋಗುವ ಮಗಳು ಅಲ್ಲಿ ನಿಂತು, "ಅಮ್ಮಾ, ಇನ್ನೂ ಸ್ವಲ್ಪ ಹೊತ್ತು ಇರೋಣ" ಎಂದಳು. ಆ ವಯಸ್ಸಿಗೆ ಅದೇ ಸರಿಯಾದ ಬೆಟ್ಟ.

ಎರಡನೆಯದು ಕಾಲ. ಕೊಡಚಾದ್ರಿ ಘಟ್ಟದ ಅಂಚಿನಲ್ಲೇ ಇರುವುದರಿಂದ ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡ ನೇರವಾಗಿ ಅದಕ್ಕೇ ಬಂದು ಬಡಿಯುತ್ತದೆ. ರಾಜ್ಯದಲ್ಲೇ ಹೆಚ್ಚು ಮಳೆ ಸುರಿಯುವ ಊರುಗಳಲ್ಲೊಂದಾದ ಹುಲಿಕಲ್ ಇರುವುದೂ ಹೊಸನಗರ ತಾಲ್ಲೂಕಿನಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾರುವ ದಾರಿ, ಕಾಲಿಗೆ ಹತ್ತುವ ಉಂಬಳ, ಎದುರಿಗಿದ್ದವರನ್ನೂ ಮರೆಮಾಡುವ ಮಂಜು. ಹಾಗಾಗಿ ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗಿನ ದಿನಗಳನ್ನು ಕೊಡಚಾದ್ರಿಗೆ ಮೀಸಲಿಡುವುದು ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಭದ್ರಾವತಿ ಕಾದಾಗ ಕೆಮ್ಮಣ್ಣುಗುಂಡಿಯ ತಂಪೇ ಹಿತ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆ ಕಳೆಯಲು ಆರಿಸಿಕೊಂಡಿದ್ದೂ ಇದೇ ಬೆಟ್ಟವನ್ನು.

ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದಿಲ್ಲ: ಮಂಜು ಕವಿದು ಏನೂ ಕಾಣದಿದ್ದರೆ ಆ ದಿನ ಏನು ಮಾಡುತ್ತೀರಿ? ಕೆಮ್ಮಣ್ಣುಗುಂಡಿಯಲ್ಲಾದರೆ ಕೆಳಗಿಳಿದು ಕಲ್ಲತ್ತಿಗಿರಿಯಲ್ಲಿ ವೀರಭದ್ರನ ಗುಡಿ, ಅದರ ಪಕ್ಕದ ಜಲಪಾತ ನೋಡಬಹುದು. ಕೊಡಚಾದ್ರಿಯಲ್ಲಾದರೆ ಕೊಲ್ಲೂರಿಗೆ ಇಳಿದು ಮೂಕಾಂಬಿಕೆಯ ದರ್ಶನ ಮಾಡಬಹುದು. ಈ ಎರಡನೆಯ ಯೋಜನೆ ಮೊದಲೇ ಮನಸ್ಸಿನಲ್ಲಿದ್ದರೆ ಮೋಡದ ಮೇಲೆ ಯಾರಿಗೂ ಮುನಿಸು ಬರುವುದಿಲ್ಲ.

ಈ ಬೆಟ್ಟಗಳಿಗೆ ಹೋಗಲು ನ್ಯೂ ಟೌನ್‌ನವರಿಗೆ ಇನ್ನೊಂದು ಕಾರಣವೂ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿಸಿದ, 1923ರಲ್ಲಿ ಉತ್ಪಾದನೆ ಶುರುವಾದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ರೋಪ್‌ವೇಯಲ್ಲಿ ಬೆಟ್ಟ ಇಳಿದು, ಟ್ರಾಮ್ ಹಳಿಗಳ ಮೇಲೆ ಅದು ಊರು ಸೇರುತ್ತಿತ್ತು. ಅದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಮಾವನವರು ಅಲ್ಲಿನ ಕೆಂಪು ಮಣ್ಣನ್ನು ಮೊಮ್ಮಕ್ಕಳ ಅಂಗೈಗೆ ಹಾಕಿ, "ನಮ್ಮ ಮನೆಯ ಅನ್ನ ಇಲ್ಲಿಂದ ಬಂದದ್ದು ಕಣ್ರೋ" ಎಂದರು. ಕೊಡಚಾದ್ರಿಯ ಮೇಲಿನ ದೇವಸ್ಥಾನದ ಮುಂದೆಯೂ ಎತ್ತರದ ಪುರಾತನ ಕಬ್ಬಿಣದ ಕಂಬವೊಂದಿದೆ. ಲೋಹಶಾಸ್ತ್ರಜ್ಞರು ಅದರ ಮೇಲೆ ಅಧ್ಯಯನವನ್ನೂ ನಡೆಸಿದ್ದಾರೆ. ಕುಲುಮೆಯ ಊರಿನ ಮಕ್ಕಳು ಎರಡನ್ನೂ ನೋಡಬೇಕು, ಆದರೆ ಒಂದೇ ರಜೆಯಲ್ಲಿ ಅಲ್ಲ.

ಎರಡು ಬೆಟ್ಟವನ್ನೂ ಒಂದೇ ವಾರದಲ್ಲಿ ಮುಗಿಸಲು ಹೊರಟವರು ಹೆಚ್ಚು ನೋಡುವುದು ರಸ್ತೆಯನ್ನೇ. ಅದಕ್ಕೇ ನಮ್ಮ ಮನೆಯಲ್ಲಿ ಈಗ ಮೊದಲು ಹೊರಡುವವರ ಹೆಸರು ಬರೆಯುತ್ತೇವೆ, ಆಮೇಲೆ ತಿಂಗಳು, ಕೊನೆಗೆ ಬೆಟ್ಟ. ಪಟ್ಟಿಯಲ್ಲಿ ಅತ್ತೆಯ ಹೆಸರಿದ್ದರೆ ಕೆಮ್ಮಣ್ಣುಗುಂಡಿ. ಇದರಲ್ಲಿ ಮಕ್ಕಳಿಗೇನೂ ನಷ್ಟವಿಲ್ಲ, ಕೊಡಚಾದ್ರಿ ಏರುವ ಕಾಲು ಅವರಿಗೆ ಇನ್ನೂ ಬಹಳ ವರ್ಷ ಇರುತ್ತದೆ. ಅಜ್ಜ ಅಜ್ಜಿಯರ ಜೊತೆ ಬೆಟ್ಟ ನೋಡುವ ವರ್ಷಗಳು ಮಾತ್ರ ಕಡಿಮೆ. ಅವನ್ನು ಮೊದಲು ಬಳಸಿಕೊಳ್ಳಿ.